ಪ್ಯಾಕಿಂಗ್ ಯುನಿಟ್‌ನಲ್ಲಿ ಬೌದ್ಧಿಕ ವಿಕಲತೆ ಇರುವ ಕೆಲಸಗಾರ: ಇಟ್ಟುಕೊಳ್ಳಲಾ, ಕಳಿಸಿಬಿಡಲಾ?

ಪ್ರಶ್ನೆ: ತುಮಕೂರಿನ ಅಂತರಸನಹಳ್ಳಿ ಹತ್ತಿರ ನಮ್ಮದೊಂದು ಚಿಕ್ಕ ಯುನಿಟ್ ಇದೆ. ಚಟ್ನಿಪುಡಿ, ಸಾಂಬಾರ್ ಪುಡಿ, ರಾಗಿ ಹುರಿಹಿಟ್ಟು ಮಾಡಿ ಪ್ಯಾಕ್ ಮಾಡುತ್ತೇವೆ. ಒಟ್ಟು 26 ಜನ, ಜಾಸ್ತಿ ಹೆಂಗಸರೇ. ಮೂರು ತಿಂಗಳ ಹಿಂದೆ ಪರಿಚಯದವರ ಮಗನನ್ನು ಪ್ಯಾಕಿಂಗ್‌ಗೆ ಸೇರಿಸಿಕೊಂಡೆ. ವಯಸ್ಸು 24. ಬುದ್ಧಿಮಾಂದ್ಯತೆ 60 ಪರ್ಸೆಂಟ್ ಅಂತ ಸರ್ಟಿಫಿಕೇಟ್ ಇದೆ. ಮೊದಲೆರಡು ತಿಂಗಳು 200 ಗ್ರಾಂ ಪ್ಯಾಕೆಟ್ ಚೆನ್ನಾಗೇ ತುಂಬಿದ. 500 ಗ್ರಾಂ ಆರ್ಡರ್ ಬಂದ ಮೇಲೆ ಎಲ್ಲ ಕೆಟ್ಟಿದೆ. ತೂಕ ತಪ್ಪುತ್ತಾನೆ, ಒಂದು ಕೆಲಸ ಮುಗಿದರೆ ಸುಮ್ನೆ ನಿಂತುಬಿಡುತ್ತಾನೆ. ಜೊತೆಯವರು ರೇಗಿಸುತ್ತಾರೆ. ಮಾತಾಡುವಾಗ ಹೆಂಗಸರ ಕೈ ಹಿಡಿದುಕೊಳ್ಳುತ್ತಾನೆ, ಕೆಲವರಿಗೆ ಇರುಸುಮುರುಸು. ಅವನ ತಾಯಿ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಾರೆ. ಹೋದ ವಾರ ಸೂಪರ್‌ವೈಸರ್ ಎಲ್ಲರ ಮುಂದೆ ಬೈದರು. ಅತ್ತುಕೊಂಡು ಹೋದವನು ಇನ್ನೂ ಬಂದಿಲ್ಲ. ‘ಇದು ಫ್ಯಾಕ್ಟರಿ, ಆಶ್ರಮ ಅಲ್ಲ’ ಅಂತಾರೆ ಸೂಪರ್‌ವೈಸರ್. ‘ಅರ್ಧ ಸಂಬಳಕ್ಕೆ ಇಟ್ಕೊಳ್ಳಿ’ ಅಂತಾರೆ ಗೊತ್ತಿರುವ ಇನ್ನೊಬ್ಬ ಮಾಲೀಕರು. ನಾನೇನು ಮಾಡಲಿ?

ಉತ್ತರ: ಮೊದಲು ಆ ಕೆಲಸಗಾರರಿಗೆ ಫೋನ್ ಮಾಡಿ. ತಾಯಿಗಲ್ಲ, ಅವರಿಗೇ. ಕೆಲಸಕ್ಕೆ ಬರುವ ಅಭ್ಯಾಸ ಒಮ್ಮೆ ತಪ್ಪಿದರೆ ಮತ್ತೆ ಹಳಿಗೆ ಬರುವುದು ಕಷ್ಟ, ಅದಕ್ಕೇ ಈ ಅವಸರ. ‘ಸೋಮವಾರ ಒಂಬತ್ತು ಗಂಟೆಗೆ ಬನ್ನಿ. 200 ಗ್ರಾಂ ಪ್ಯಾಕೆಟ್ ಕೆಲಸ ಇದೆ’ ಅಂತಷ್ಟೇ ಹೇಳಿ. ಯಾಕೆ ಅತ್ತಿರಿ, ಯಾರು ಏನಂದರು ಅಂತ ಫೋನಿನಲ್ಲಿ ಕೆದಕಬೇಡಿ. ಬಂದ ದಿನ ಸೂಪರ್‌ವೈಸರ್ ಅವರೇ ‘ಮೊನ್ನೆ ನಾನು ಹಾಗೆ ಬೈಬಾರದಿತ್ತು’ ಅಂತ ಒಂದು ಮಾತು ಹೇಳಲಿ. ಅದನ್ನೂ ಎಲ್ಲರ ಮುಂದೆಯೇ ಹೇಳಲಿ. ಬೈದದ್ದು ಎಲ್ಲರ ಮುಂದೆ ತಾನೇ?

ಇನ್ನು ಇಟ್ಟುಕೊಳ್ಳಬೇಕಾ ಅನ್ನುವ ಪ್ರಶ್ನೆ. ಎರಡು ತಿಂಗಳು 200 ಗ್ರಾಂ ಸರಿಯಾಗಿ ತುಂಬಿದ್ದಾರೆ ಅಂತ ನೀವೇ ಬರೆದಿದ್ದೀರಿ. ಅಂದರೆ ಕೈ ಚೆನ್ನಾಗಿದೆ, ಗಮನ ಇದೆ, ಹೊತ್ತಿಗೆ ಸರಿಯಾಗಿ ಬರುತ್ತಾರೆ. 500 ಗ್ರಾಂ ಪ್ಯಾಕೆಟ್ ನಿಮಗೆ ಅದೇ ಹಳೆಯ ಕೆಲಸ, ಕವರ್ ದೊಡ್ಡದು ಅಷ್ಟೇ. ಅವರಿಗೆ ಅದು ಪೂರ್ತಿ ಹೊಸ ಕೆಲಸ. ಅದನ್ನು ಯಾರಾದರೂ ಕೂರಿಸಿಕೊಂಡು ಕಲಿಸಿದ ಸುಳಿವು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಕಲಿಸದೆ ಕಳಿಸುವುದು ನ್ಯಾಯವಲ್ಲ, ವ್ಯವಹಾರದ ದೃಷ್ಟಿಯಿಂದಲೂ ನಷ್ಟ. ರಜೆ ಹಾಕದೆ ಬರುವ ಪ್ಯಾಕಿಂಗ್ ಕೆಲಸಗಾರರು ತುಮಕೂರಿನಲ್ಲಿ ಎಷ್ಟು ಸುಲಭಕ್ಕೆ ಸಿಗುತ್ತಾರೆ ಅಂತ ನಿಮಗೇ ಗೊತ್ತು.

ಬೌದ್ಧಿಕ ವಿಕಲತೆ ಮಾತ್ರೆಯಿಂದ ಹೋಗುವ ಕಾಯಿಲೆಯಲ್ಲ, ಮಾನಸಿಕ ಕಾಯಿಲೆಯೂ ಅಲ್ಲ. ಚಿಕ್ಕಂದಿನಿಂದಲೇ ಇರುತ್ತದೆ. ಕಲಿಯುವುದು, ಯೋಚಿಸಿ ಲೆಕ್ಕ ಹಾಕುವುದು ನಿಧಾನ. ಜೊತೆಗೆ ದುಡ್ಡು, ಸಮಯ, ಓಡಾಟ, ಜನರೊಂದಿಗಿನ ನಡವಳಿಕೆಯಂಥ ದಿನನಿತ್ಯದ ವಿಷಯಗಳಲ್ಲೂ ತೊಡಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇವೆರಡನ್ನೂ ಸೇರಿಸಿಯೇ ಇದನ್ನು ವಿವರಿಸುತ್ತದೆ. ಫ್ಯಾಕ್ಟರಿಯಲ್ಲಿ ಇದು ಹೇಗೆ ಕಾಣುತ್ತದೆ? ಒಟ್ಟಿಗೆ ಮೂರ್ನಾಲ್ಕು ಮಾತು ಹೇಳಿದರೆ ಒಂದೋ ಎರಡೋ ಮಾತ್ರ ತಲೆಯಲ್ಲಿ ಉಳಿಯುತ್ತದೆ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ತಾವಾಗಿ ಬಳಸಲು ಹೊಳೆಯುವುದಿಲ್ಲ. ಗೊತ್ತಾಗದೇ ಇದ್ದಾಗ ‘ಗೊತ್ತಾಗಲಿಲ್ಲ’ ಅಂತ ಬಾಯಿಬಿಡುವುದಿಲ್ಲ, ನಿಂತುಬಿಡುತ್ತಾರೆ. ನಿಮ್ಮ ಸೂಪರ್‌ವೈಸರ್ ಕಣ್ಣಿಗೆ ಸೋಮಾರಿತನದ ಹಾಗೆ ಕಂಡಿರುವುದು ಬಹುಶಃ ಇದೇ.

ಸರ್ಟಿಫಿಕೇಟಿನ 60 ಪರ್ಸೆಂಟ್ ನೋಡಿ ಗಾಬರಿ ಬೇಡ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರ್ಕಾರಿ ಸವಲತ್ತುಗಳಿಗೆ ಅರ್ಹತೆ, ಆ ಸಂಖ್ಯೆಯ ಉಪಯೋಗ ಅಷ್ಟೇ. ಅವರಿಗೆ ಯಾವ ಕೆಲಸ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಅದು ಹೇಳುವುದಿಲ್ಲ.

ಈಗ ಕಲಿಸುವ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ನಿಮ್ಮ ತೊಂದರೆಯಲ್ಲಿ ಹೆಚ್ಚಿನದು ಇಲ್ಲೇ ಕರಗುತ್ತದೆ.

ಸೂಪರ್‌ವೈಸರ್ ಮೊದಲು ತಾವೇ ಕೂತು ಹತ್ತು 500 ಗ್ರಾಂ ಪ್ಯಾಕೆಟ್ ತುಂಬಲಿ. ನೀವು ಪಕ್ಕದಲ್ಲಿ ನಿಂತು ಅವರ ಕೈ ಏನೇನು ಮಾಡುತ್ತದೆ ಅಂತ ಒಂದೊಂದಾಗಿ ಬರೆದುಕೊಳ್ಳಿ. ಕಟ್ಟಿನಿಂದ ಒಂದೇ ಕವರ್ ಬಿಡಿಸಿ ತೆಗೆಯುವುದು. ಬಾಯಿ ಅಗಲಿಸುವುದು. ತಕ್ಕಡಿಯಲ್ಲಿ ಸೊನ್ನೆ ಇದೆಯಾ ನೋಡುವುದು. ಕವರ್ ಇಡುವುದು. ಪುಡಿ ಹಾಕುವುದು. ಅಂಕಿ ನೋಡುವುದು. ಹೆಚ್ಚಾದರೆ ತೆಗೆಯುವುದು, ಕಡಿಮೆಯಾದರೆ ಸೇರಿಸುವುದು. ಬಾಯಿಗೆ ಅಂಟಿದ ಪುಡಿ ಒರೆಸುವುದು. ಕವರ್ ತಟ್ಟಿ ಕೂರಿಸುವುದು. ಸೀಲಿಂಗ್ ಮೆಷಿನ್‌ಗೆ ನೇರ ಹಿಡಿಯುವುದು. ಸೀಲ್ ಗಟ್ಟಿಯಾಗಿದೆಯಾ ಎಳೆದು ನೋಡುವುದು. ಟ್ರೇನಲ್ಲಿ ಲೇಬಲ್ ಮೇಲೆ ಬರುವ ಹಾಗೆ ಇಡುವುದು. ‘ಪ್ಯಾಕ್ ಮಾಡು’ ಅನ್ನುವ ಒಂದು ಮಾತಿನ ಒಳಗೆ ಇಷ್ಟೆಲ್ಲ ಇದೆ, ಅಲ್ವಾ? ಇದರಲ್ಲಿ ಅವರು ಎಡವುತ್ತಿರುವುದು ಎಲ್ಲೋ ಒಂದೆರಡು ಕಡೆ. ಅದು ಎಲ್ಲಿ ಅಂತ ಗೊತ್ತಾದರೆ ಮಿಕ್ಕದ್ದನ್ನು ಮುಟ್ಟಬೇಕಾಗಿಲ್ಲ.

ನನ್ನ ಊಹೆ, ತೊಡಕು ಇರುವುದು ಅಂಕಿ ನೋಡುವ ಕಡೆ. 200 ಗ್ರಾಂ ಹೊತ್ತಿಗೆ ಆ ಅಂಕಿಯ ಆಕಾರ ಕಣ್ಣಿಗೆ ಅಭ್ಯಾಸವಾಗಿತ್ತು. ಈಗ ತಕ್ಕಡಿ 497 ತೋರಿಸುತ್ತದೆ, 504 ತೋರಿಸುತ್ತದೆ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅಂತ ಪ್ರತಿ ಸಲ ತೀರ್ಮಾನ ಮಾಡಬೇಕು. ಆ ತೀರ್ಮಾನವನ್ನು ಅವರ ತಲೆಯಿಂದ ಇಳಿಸಿ ಮೆಷಿನ್‌ಗೋ ಪಕ್ಕದವರಿಗೋ ಕೊಡಿ. ತೂಕ ಸರಿ ಬಂದರೆ ಹಸಿರು ದೀಪ, ತಪ್ಪಿದರೆ ಕೆಂಪು ದೀಪ ಹತ್ತುವ ತಕ್ಕಡಿಗಳು ಸಿಗುತ್ತವೆ. ಅದು ಬೇಡ ಅಂದರೆ, 500 ಗ್ರಾಂ ಹಿಡಿಯುವ ಅಳತೆ ಡಬ್ಬಿ ಮಾಡಿಸಿ ಒಳಗೆ ಗೀಟು ಹಾಕಿಸಿ. ಗೀಟಿನವರೆಗೆ ತುಂಬಿ ಸುರಿಯುವುದು ಅವರ ಕೆಲಸ. ಕೊನೆಯ ಚಿಟಿಕೆ ಸರಿಮಾಡುವುದು ತಕ್ಕಡಿ ಹತ್ತಿರ ಕೂತವರ ಕೆಲಸ. ಚಟ್ನಿಪುಡಿಗೂ ಹುರಿಹಿಟ್ಟಿಗೂ ಗೀಟು ಬೇರೆ ಬೇರೆ ಬರುತ್ತದೆ, ಹಾಗಾಗಿ ಡಬ್ಬಿಯೂ ಬೇರೆ, ಬಣ್ಣವೂ ಬೇರೆ ಇರಲಿ. ತೂಕ ಕಡಿಮೆ ಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಹಿಡಿಯುವುದು ನಿಮ್ಮನ್ನು. ಆದ್ದರಿಂದ ಕೊನೆಗೊಮ್ಮೆ ತೂಗುವವರು ಹೇಗೂ ಬೇಕೇ ಬೇಕು, ಈ ವಿಕಲತೆ ಇರಲಿ ಇಲ್ಲದಿರಲಿ.

ಎಣಿಕೆಗೂ ಇದೇ ದಾರಿ. ಗೌರಿಬಿದನೂರು ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹನ್ನೆರಡರವರೆಗೆ ಎಣಿಸಲು ಬಾರದ ಒಬ್ಬ ಹುಡುಗಿ ಡಜನ್ ಲೆಕ್ಕದಲ್ಲಿ ಬಟ್ಟೆ ಕಟ್ಟುವುದನ್ನು ನೋಡಿದ್ದೇನೆ. ಟೇಬಲ್ ಮೇಲೆ ಹನ್ನೆರಡು ಚೌಕ ಬರೆದಿದ್ದರು. ಎಲ್ಲ ಚೌಕ ತುಂಬಿದರೆ ಕಟ್ಟು. ಲೈನ್‌ನಲ್ಲಿ ಎಣಿಸಿ ಕಟ್ಟುತ್ತಿದ್ದವರಿಗಿಂತ ಆಕೆಯದೇ ಲೆಕ್ಕ ಸರಿ ಇರುತ್ತಿತ್ತು. ಆಮೇಲೆ ಉಳಿದವರೂ ಚೌಕ ಬರೆದುಕೊಂಡರು ಅನ್ನಿ.

ಕಲಿಸುವಾಗ ಮಾತು ಕಡಿಮೆ ಇರಲಿ. ಮಾಡಿ ತೋರಿಸಿ, ಅವರಿಂದ ಮಾಡಿಸಿ. ತಪ್ಪಿದರೆ ‘ಅಯ್ಯೋ ಹಾಗಲ್ಲ’ ಅನ್ನುವ ಮೊದಲು ಕೈ ತೋರಿಸಿ ಸರಿಪಡಿಸಿ. ಬಂದ ಹಾಗೆಲ್ಲ ಸಹಾಯ ಹಿಂದಕ್ಕೆ ತೆಗೆಯಿರಿ: ಮೊದಲು ಕೈ ಹಿಡಿದು, ಆಮೇಲೆ ಬೆರಳು ತೋರಿಸಿ, ಆಮೇಲೆ ಪಕ್ಕದಲ್ಲಿ ಸುಮ್ನೆ ನಿಂತು. ಇನ್ನೊಂದು ಉಪಾಯ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಕೊನೆಯಿಂದ ಕಲಿಸುವುದು. ತುಂಬಿ, ತೂಗಿ, ಸೀಲ್ ಮಾಡುವವರೆಗೆ ನೀವು ಮಾಡಿ, ಟ್ರೇಗೆ ಇಡುವುದನ್ನು ಮಾತ್ರ ಅವರಿಗೆ ಬಿಡಿ. ಅದು ಬಂದ ಮೇಲೆ ಸೀಲ್ ಎಳೆದು ನೋಡುವುದು. ಹೀಗೆ ಹಿಂದಕ್ಕೆ ಬನ್ನಿ. ಪ್ರತಿ ಸಲವೂ ಪ್ಯಾಕೆಟ್ ಅವರ ಕೈಯಲ್ಲೇ ಪೂರ್ತಿಯಾಗುತ್ತದೆ. ಅರ್ಧಕ್ಕೆ ಬಿಟ್ಟು ಸೋತೆ ಅನ್ನುವ ಭಾವನೆ ಬರುವುದಿಲ್ಲ.

‘ಅರ್ಥ ಆಯ್ತಾ?’ ಅಂತ ಮಾತ್ರ ಕೇಳಬೇಡಿ. ಹೂಂ ಅಂದೇ ಅನ್ನುತ್ತಾರೆ. ಜೀವನವಿಡೀ ಬೈಸಿಕೊಂಡವರು ‘ಹೂಂ’ ಅಂದರೆ ಎದುರಿನವರು ಸುಮ್ಮನಾಗುತ್ತಾರೆ ಅಂತ ಕಲಿತಿರುತ್ತಾರೆ. ‘ಒಂದು ಮಾಡಿ ತೋರಿಸಿ’ ಅನ್ನಿ.

ಇದೆಲ್ಲ ನಮ್ಮ ಕಡೆ ಆಗುವ ಮಾತಾ ಅಂತ ಸೂಪರ್‌ವೈಸರ್ ಕೇಳಬಹುದು. 1970ರ ದಶಕದಲ್ಲಿ ಅಮೆರಿಕದಲ್ಲಿ ಮಾರ್ಕ್ ಗೋಲ್ಡ್ ಅನ್ನುವವರು, ‘ಇವರಿಂದ ಏನೂ ಆಗದು’ ಅಂತ ಬದಿಗೆ ಕೂರಿಸಿದ್ದವರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸುವುದನ್ನು ಕಲಿಸಿ ತೋರಿಸಿದರು. ಕೆಲಸವನ್ನು ತುಂಡು ಮಾಡಿ, ಮಾತು ಕಡಿಮೆ ಮಾಡಿ, ಕೈಯಿಂದ ತೋರಿಸಿ. ಬಿಡಿಭಾಗದ ಸರಿಯಾದ ಮಗ್ಗುಲಿಗೆ ಬಣ್ಣ ಬಳಿದು ಕಲಿಸಿದ ಗುಂಪು ಇನ್ನೂ ಬೇಗ ಕಲಿಯಿತು. ಹತ್ತಿರದ ಉದಾಹರಣೆ ಬೇಕಾದರೆ, 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆ ಇದೆ. ಅಲ್ಲಿ ಅಡುಗೆ ಮಾಡುವವರು, ಬಡಿಸುವವರು, ಬಿಲ್ ಹಾಕುವವರಲ್ಲಿ ಬೌದ್ಧಿಕ ವಿಕಲತೆ ಇರುವವರೂ ಇದ್ದಾರೆ. ಬೆಂಗಳೂರಿಗೆ ಹೋದಾಗ ಅಲ್ಲಿನ ಮಿಟ್ಟಿ ಕೆಫೆಗೆ ಸೂಪರ್‌ವೈಸರ್ ಅವರನ್ನು ಒಂದು ಸಲ ಕರೆದುಕೊಂಡು ಹೋಗಿ ಕಾಫಿ ಕುಡಿಸಿಕೊಂಡು ಬನ್ನಿ. ನಾನು ಬರೆದದ್ದಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಕೆಲಸ ಮುಗಿದಾಗ ನಿಂತುಬಿಡುವುದಕ್ಕೆ ಒಂದು ಬೋರ್ಡ್ ಸಾಕು. ಅವರ ಟೇಬಲ್ ಎದುರು ಮೂರು ಫೋಟೊ: ಈಗಿನ ಕೆಲಸ, ಆಮೇಲಿನ ಕೆಲಸ, ಕರೆಂಟ್ ಹೋದರೆ ಮಾಡುವ ಕೆಲಸ. ಫೋಟೊದಲ್ಲಿ ಅವರೇ ಇದ್ದರೆ ಇನ್ನೂ ಒಳ್ಳೆಯದು. ಕರೆಂಟ್ ಹೋದಾಗ ಮೆಷಿನ್ ನಿಲ್ಲುತ್ತದೆ, ಎಲ್ಲರೂ ಹರಟೆಗೆ ಕೂರುತ್ತಾರೆ. ರೇಗಿಸುವುದು ಶುರುವಾಗುವುದೂ ಆಗಲೇ. ಆ ಹೊತ್ತಿಗೆ ಲೇಬಲ್ ಅಂಟಿಸುವ ಕೆಲಸ ಅಂತ ಗೊತ್ತುಮಾಡಿಡಿ. ಆರ್ಡರ್ ಬದಲಾಗುವುದಿದ್ದರೆ ಹಿಂದಿನ ಸಂಜೆಯೇ ಹೇಳಿ, ಹೊಸ ಕವರ್ ಒಂದನ್ನು ಕೈಗೆ ಕೊಟ್ಟು ತೋರಿಸಿ. ಯುಗಾದಿ, ದಸರಾ ಸಮಯದ ಆರ್ಡರ್ ಗಡಿಬಿಡಿಯಲ್ಲಿ ಅವರನ್ನು ಅಲ್ಲಿಂದಿಲ್ಲಿಗೆ ಎಳೆದಾಡಬೇಡಿ. ಒಂದೇ ಕಡೆ ಬಿಟ್ಟರೆ ಅವರೇ ನಿಮಗೆ ಆಧಾರ.

ಎಲ್ಲದಕ್ಕೂ ಸೂಪರ್‌ವೈಸರ್ ಬೇಕಿಲ್ಲ. ಅನುಭವ ಇರುವ, ಗಟ್ಟಿಮನಸ್ಸಿನ ಒಬ್ಬ ಅಕ್ಕನನ್ನು ಅವರ ಜೋಡಿ ಮಾಡಿ. ‘ಗೊತ್ತಾಗದಿದ್ದರೆ ಇವರನ್ನು ಕೇಳಿ’ ಅಂತ ಇಬ್ಬರಿಗೂ ಹೇಳಿ. ಆಕೆ ರಜೆ ಹಾಕಿದ ದಿನಕ್ಕೆ ಇನ್ನೊಬ್ಬರು ಗೊತ್ತಿರಲಿ. ಆಕೆಯ ಟಾರ್ಗೆಟ್ ಸ್ವಲ್ಪ ಇಳಿಸಿ, ಇಲ್ಲವೇ ತಿಂಗಳಿಗೆ ಒಂದಿಷ್ಟು ಹೆಚ್ಚಿಗೆ ಕೊಡಿ. ಪುಣ್ಯದ ಕೆಲಸ ಅಂತ ಬಿಟ್ಟಿ ಮಾಡಿಸಿದರೆ ಎರಡು ತಿಂಗಳಿಗೆ ಬೇಜಾರಾಗುತ್ತದೆ, ಅದು ಆಕೆಯ ತಪ್ಪೂ ಅಲ್ಲ.

ರೇಗಿಸುವ ವಿಷಯದಲ್ಲಿ ನನಗೆ ಸಮಾಧಾನದ ಮಾತು ಬರುವುದಿಲ್ಲ. ಹಾಡು ಹೇಳಿಸಿ, ಕುಣಿಸಿ ಮೊಬೈಲಿನಲ್ಲಿ ವಿಡಿಯೊ ಮಾಡುವುದು, ಕೆಟ್ಟ ಮಾತು ಕಲಿಸಿ ಇನ್ನೊಬ್ಬರಿಗೆ ಹೇಳಿಸುವುದು, ಬಟವಾಡೆ ದಿನ ನೂರು ಇನ್ನೂರು ‘ಸಾಲ’ ಕೇಳುವುದು. ಇವೆಲ್ಲ ನಡೆಯುತ್ತವೆ, ನಿಮ್ಮಲ್ಲಿಯೂ ನಡೆದಿರಬಹುದು. ‘ತಮಾಷೆಗೆ’ ಅಂತಾರೆ. ಜನರ ಕಣ್ಣೆದುರು ಬೇಕಂತಲೇ ಅವಮಾನ ಮಾಡುವುದು 2016ರ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಇದನ್ನು ಒಮ್ಮೆ ಉಳಿದ ಎಲ್ಲರನ್ನೂ ಸೇರಿಸಿ ಹೇಳಿ, ಅವರು ಇಲ್ಲದಾಗ ಹೇಳಿ. ಮುಂದೆ ಯಾರಾದರೂ ಮಾಡಿದರೆ ನೋಟಿಸ್ ಕೊಡಿ. ಮಾಲೀಕರು ಒಂದು ಸಲ ನಕ್ಕು ಬಿಟ್ಟರೆ ಸಾಕು, ಆಮೇಲೆ ಅದನ್ನು ನಿಲ್ಲಿಸಲು ಆಗುವುದಿಲ್ಲ.

ಅದೇ ಹೊತ್ತಿಗೆ ಅವರಿಗೂ ನಿಯಮ ಇದೆ. ಹೆಂಗಸರ ಕೈ ಹಿಡಿಯುವುದನ್ನು ‘ಪಾಪ, ಮಗು ಥರ’ ಅಂತ ಬಿಟ್ಟುಬಿಡಬೇಡಿ. ಅವರು ಮಗು ಅಲ್ಲ, 24ರ ಗಂಡಸು. ಇಂದು ಬಿಟ್ಟದ್ದು ನಾಳೆ ಬಸ್ಸಿನಲ್ಲಿ ಯಾರದೋ ಕೈ ಹಿಡಿದಾಗ ಏಟು ತಿನ್ನಿಸುತ್ತದೆ. ಪಕ್ಕಕ್ಕೆ ಕರೆದು, ಆದ ತಕ್ಷಣ, ಎರಡೇ ಮಾತಿನಲ್ಲಿ ಹೇಳಿ: ‘ಕೆಲಸದ ಜಾಗದಲ್ಲಿ ಯಾರ ಕೈಯನ್ನೂ ಹಿಡಿಯಬಾರದು. ನಮಸ್ಕಾರ ಅನ್ನಿ.’ ಸಂಜೆ ಹೇಳಿದರೆ ಯಾವುದಕ್ಕೆ ಹೇಳುತ್ತಿದ್ದೀರಿ ಅಂತಲೇ ಗೊತ್ತಾಗುವುದಿಲ್ಲ. ಒಬ್ಬರು ಬೈದು, ಇನ್ನೊಬ್ಬರು ನಕ್ಕರೆ ಕಲಿಯುವುದೂ ಇಲ್ಲ. ತಡವಾಗಿ ಬಂದರೆ, ಹೇಳದೆ ರಜೆ ಹಾಕಿದರೆ ಎಲ್ಲರಿಗೆ ಏನೋ ಅವರಿಗೂ ಅದೇ.

ಸಂಬಳದ ಪ್ರಶ್ನೆಗೆ ಉತ್ತರ ಚಿಕ್ಕದು. ಅರ್ಧ ಸಂಬಳ ಕೊಡುವ ಹಾಗಿಲ್ಲ. ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವ ಅಧಿಕಾರ ಯಾವ ಮಾಲೀಕರಿಗೂ ಇಲ್ಲ. ಹಳೆಯ 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ವಿಕಲಚೇತನರ ಬಗ್ಗೆ ವಿನಾಯಿತಿಯ ಮಾತು ಇತ್ತು ನಿಜ. ಆದರೆ ಆ ಅಧಿಕಾರ ಸರ್ಕಾರದ್ದು. ಆ ಮಾಲೀಕರು ಅರ್ಧಂಬರ್ಧ ಕೇಳಿಸಿಕೊಂಡು ಹೇಳಿರಬಹುದು. 26 ಜನ ಇರುವುದರಿಂದ ನಿಮಗೆ ಪಿಎಫ್, ಇಎಸ್‌ಐ ಎರಡೂ ಬರುತ್ತವೆ, ಅವರ ಹೆಸರೂ ಅದರಲ್ಲಿರಬೇಕು. ಇಎಸ್‌ಐಗೆ ಮಾಮೂಲಿ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ, ವಿಕಲಚೇತನರಿಗೆ 25,000. 20 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಖಾಸಗಿ ಸಂಸ್ಥೆಗಳು ವಿಕಲಚೇತನರಿಗೆ ಯಾವ ಹುದ್ದೆ, ಯಾವ ಸೌಲಭ್ಯ, ಯಾವ ತರಬೇತಿ ಅಂತ ಸಮಾನ ಅವಕಾಶದ ನೀತಿಯೊಂದನ್ನು ಬರೆದು ಪ್ರಕಟಿಸಬೇಕು, ಇದನ್ನೆಲ್ಲ ನೋಡಿಕೊಳ್ಳಲು ಒಬ್ಬರನ್ನು ನೇಮಿಸಬೇಕು. ನೀತಿಯ ಒಂದು ಪ್ರತಿಯನ್ನು ವಿಕಲಚೇತನರ ಆಯುಕ್ತರ ಬಳಿ ನೋಂದಾಯಿಸಬೇಕು. ಹೆಚ್ಚಿನ ಚಿಕ್ಕ ಮಾಲೀಕರಿಗೆ ಇದು ಗೊತ್ತೇ ಇರುವುದಿಲ್ಲ. ನಿಮ್ಮ ಲೆಕ್ಕ ನೋಡುವ ಆಡಿಟರ್‌ಗೂ ಹೇಳಿ.

ಸಂಬಳ ಅವರ ಸ್ವಂತ ಖಾತೆಗೇ ಹೋಗಲಿ. ಚೀಟಿಯಲ್ಲಿ ಏನೇನು ಕಡಿತವಾಗಿದೆ ಅಂತ ಅವರಿಗೇ ಕೂರಿಸಿ ಹೇಳಿ, ಅರ್ಧ ಅರ್ಥವಾದರೂ ಪರವಾಗಿಲ್ಲ. ಮನೆಯವರು ಸರ್ಕಾರ ವಿಕಲಚೇತನರಿಗೆ ಕೊಡುವ ಮಾಸಾಶನದ ಬಗ್ಗೆ ಹೆದರಿರುತ್ತಾರೆ, ಸಂಬಳ ಬಂದರೆ ಅದು ನಿಲ್ಲುತ್ತದೆ ಅಂತ. ಅದಕ್ಕೆ ಆದಾಯ ಮಿತಿ ಇರುವುದು ನಿಜ. ಮುಚ್ಚಿಡುವ ಬದಲು ನಾಡಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಲಿ.

ತಾಯಿಯ ಫೋನ್ ಬಗ್ಗೆ ಸಿಟ್ಟಾಗಬೇಡಿ. ಇಪ್ಪತ್ತು ವರ್ಷ ಕಣ್ಣಳತೆಯಲ್ಲಿ ಇಟ್ಟುಕೊಂಡ ಮಗ ಈಗ ಹೈವೇ ದಾಟಿ ಕೆಲಸಕ್ಕೆ ಬರುತ್ತಿದ್ದಾನೆ. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಸಲ ಅವರೇ ತಾಯಿಗೆ ಫೋನ್ ಮಾಡಲಿ. ಬಸ್ಸು ಇಳಿಯುವುದು, ರಸ್ತೆ ದಾಟುವುದು ಸರಿಯಾಗಿ ಬರುತ್ತದಾ ಅಂತ ಯಾರಾದರೂ ಕೆಲವು ದಿನ ಜೊತೆಗಿದ್ದು ನೋಡಿದರೆ ಆಕೆಯ ಅರ್ಧ ಭಯ ಹೋಗುತ್ತದೆ. ಆದರೆ ರಜೆ, ಓಟಿ, ಕೆಲಸ ಬದಲಾವಣೆಯ ಮಾತನ್ನೆಲ್ಲ ನೇರ ಅವರ ಹತ್ತಿರವೇ ಆಡಿ. ಹದಿನೆಂಟು ತುಂಬಿದವರ ಮಟ್ಟಿಗೆ ತಾಯಿ ತಂದೆ ತಾವಾಗಿ ಕಾನೂನಿನ ಪೋಷಕರಾಗುವುದಿಲ್ಲ. ಅಂಥ ಅಗತ್ಯ ಬಂದರೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಅದಕ್ಕೆ ಜಿಲ್ಲಾಧಿಕಾರಿ ಮುಖ್ಯಸ್ಥರು. ಪ್ಯಾಕಿಂಗ್ ಕೆಲಸಕ್ಕೆ ಅದೇನೂ ಬೇಕಾಗುವುದಿಲ್ಲ.

ಒಂದು ವಿಷಯ ತಾಯಿಯನ್ನು ಕೇಳಲೇಬೇಕು: ಮೂರ್ಛೆ ರೋಗ ಇದೆಯಾ? ಬೌದ್ಧಿಕ ವಿಕಲತೆ ಇರುವವರಲ್ಲಿ ಫಿಟ್ಸ್ ಬೇರೆಯವರಿಗಿಂತ ಜಾಸ್ತಿ. ಇದ್ದರೆ ಪಲ್ವರೈಸರ್ (ಪುಡಿ ಮಾಡುವ ಮೆಷಿನ್), ಹುರಿಯುವ ಬಾಣಲೆಯ ಹತ್ತಿರ ಬೇಡ. ಕೆಲಸ ಮಾಡುವಾಗ ಬಂದರೆ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಕುಡಿಸುವುದು ಯಾವುದೂ ಬೇಡ. ಸುತ್ತಲಿನ ಚೂಪು ವಸ್ತು ಸರಿಸಿ, ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಸಹಾಯಕ್ಕೆ ನೀವು ಒಬ್ಬರೇ ಇಲ್ಲ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಅನ್ನುವ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಹೆಚ್ಚಿನವರು ತಾವೂ ವಿಕಲಚೇತನರು, ಯಾವ ಸವಲತ್ತಿಗೆ ಯಾವ ಕಚೇರಿ ಅಂತ ಅವರಿಗೆ ಚೆನ್ನಾಗಿ ಗೊತ್ತು. ಜಿಲ್ಲೆಯಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿ ಇದೆ. ಬೌದ್ಧಿಕ ವಿಕಲತೆಗೇ ಮೀಸಲಾದ ಕೇಂದ್ರ ಸರ್ಕಾರದ ಸಂಸ್ಥೆ ಸಿಕಂದರಾಬಾದ್‌ನಲ್ಲಿದೆ. ನಿಮ್ಮ ಕೆಲಸಗಾರರು ಓದಿದ ವಿಶೇಷ ಶಾಲೆ ಇದ್ದರೆ ಅಲ್ಲಿನ ಶಿಕ್ಷಕರನ್ನು ಒಂದು ದಿನ ಯುನಿಟ್‌ಗೆ ಕರೆಸಿ. ಯಾವ ರೀತಿ ಹೇಳಿದರೆ ಕಲಿಯುತ್ತಾರೆ ಅಂತ ವರ್ಷಗಟ್ಟಲೆ ನೋಡಿದವರು ಅವರೇ.

ನಿಮ್ಮ ಇಡೀ ಪತ್ರದಲ್ಲಿ ಒಂದು ಮಾತು ಇಲ್ಲ. ಅವರಿಗೆ ಏನು ಬೇಕು? ಸೂಪರ್‌ವೈಸರ್ ಅಭಿಪ್ರಾಯ ಇದೆ, ಇನ್ನೊಬ್ಬ ಮಾಲೀಕರ ಅಭಿಪ್ರಾಯ ಇದೆ. ವಾಪಸ್ ಬಂದ ಮೇಲೆ ಕೇಳಿ. ‘ಕೆಲಸ ಹೇಗಿದೆ’ ಅಂದರೆ ‘ಚೆನ್ನಾಗಿದೆ’ ಅಂತ ಬಂದುಬಿಡುತ್ತದೆ. ‘ತುಂಬುವುದು ಇಷ್ಟವಾ, ಲೇಬಲ್ ಹಚ್ಚುವುದು ಇಷ್ಟವಾ?’ ಅಂತ ಎರಡನ್ನೂ ತೋರಿಸಿ ಕೇಳಿ. ತುಂಬುವುದಕ್ಕಿಂತ ಲೇಬಲ್‌ನಲ್ಲೋ, ಕಾರ್ಟನ್ ಮಡಚುವುದರಲ್ಲೋ ಅವರು ನಿಮ್ಮ ಯುನಿಟ್‌ಗೇ ಮುಂದು ಇರಬಹುದು.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ? ಆಗದೇ ಇರುವುದೂ ಉಂಟು. ಮೂರು ತಿಂಗಳು ಪ್ರಾಮಾಣಿಕವಾಗಿ ನೋಡಿ. ಯಾವ ವಾರ ಏನು ಕಲಿಸಿದಿರಿ, ಏನು ಬಂತು, ಏನು ಬರಲಿಲ್ಲ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಡೇಪಕ್ಷ ಎರಡು ಬೇರೆ ಬೇರೆ ಕೆಲಸ ಕೊಟ್ಟು ನೋಡಿರಬೇಕು. ಆಮೇಲೂ ಹೊಂದದಿದ್ದರೆ ಉಳಿದ ಕೆಲಸಗಾರರಿಗೆ ಮಾಡುವ ಹಾಗೆಯೇ ಕಾರಣ ಹೇಳಿ, ನೋಟಿಸ್ ಕೊಟ್ಟು, ಬಾಕಿ ಸಂಬಳ, ಪಿಎಫ್ ಚುಕ್ತಾ ಮಾಡಿ ಬಿಡುಗಡೆ ಮಾಡಿ. ಅನುಭವ ಪತ್ರ ಮರೆಯಬೇಡಿ. ಅದರಲ್ಲಿ ‘ಒಳ್ಳೆಯ ಹುಡುಗ’ ಅಂತ ಬರೆದರೆ ಉಪಯೋಗವಿಲ್ಲ. 200 ಗ್ರಾಂ ಪ್ಯಾಕೆಟ್ ದಿನಕ್ಕೆ ಎಷ್ಟು ತುಂಬುತ್ತಿದ್ದರು, ಯಾವ ಮೆಷಿನ್ ಮೇಲೆ ಕೆಲಸ ಗೊತ್ತು, ಹೇಗೆ ತೋರಿಸಿದರೆ ಬೇಗ ಕಲಿಯುತ್ತಾರೆ ಅಂತ ಬರೆಯಿರಿ. ಮುಂದಿನ ಮಾಲೀಕರಿಗೆ ಬೇಕಾಗುವುದು ಅದು.